ಪೇಟೆಬೀದಿಗೊಂದು ಕಪ್ಪು-ಬಿಳುಪು ದಾಖಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ದೇವಸ್ಥಾನ, ಜಲಪಾತ, ಕಾಡುಗಳ ಚಿತ್ರಗಳಿಗೆ ಬರವಿಲ್ಲ. ಪೇಟೆಯ ಚಿತ್ರಗಳೇ ಅಪರೂಪ. ಹಂಚಿನ ಮಾಡು, ಮರದ ಕಂಬದ ಜಗಲಿ, ಹಲಗೆಬಾಗಿಲಿನ ಅಂಗಡಿಗಳೆಲ್ಲ ಕಾಂಕ್ರೀಟಿಗೆ ಜಾಗ ಬಿಡುತ್ತಿರುವಾಗ ಈ ಪೇಟೆಗಳನ್ನು ಕ್ರಮವಾಗಿ ದಾಖಲಿಸಬೇಕು, ಅದೂ ಕಪ್ಪು-ಬಿಳುಪು ಫಿಲ್ಮಿನಲ್ಲಿ ಎಂಬುದು ನನ್ನ ವಾದ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಈ ಮಾಧ್ಯಮದಲ್ಲೇ ಸಾಮಾನ್ಯರ ದಿನಚರಿಯನ್ನು ಹಿಡಿದಿಟ್ಟರು. ಅಂಥ ಚಿತ್ರಗಳಲ್ಲಿ ಮುಖದ ಜೊತೆಗೆ ಆ ಕಾಲದ ಉಡುಪು, ಬೀದಿ, ವ್ಯಾಪಾರಗಳೂ ಉಳಿದು ಬರುತ್ತವೆ.

ಫಿಲ್ಮೇ ಏಕೆ? ಅದರ ಜೆಲಟಿನ್ ಪದರದಲ್ಲಿರುವ ಬೆಳ್ಳಿಯ ಲವಣದ ಹರಳುಗಳ ಮೇಲೆ ಬೆಳಕು ಬಿದ್ದರೆ ಡೆವಲಪರ್ ಅವನ್ನು ಲೋಹದ ಬೆಳ್ಳಿಯಾಗಿಸುತ್ತದೆ. ಉಳಿದದ್ದನ್ನು ಫಿಕ್ಸರ್ ಕರಗಿಸುತ್ತದೆ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ಮಾಸುವ ವರ್ಣದ್ರವ್ಯ. 1980ರ ದಶಕದ ಬಣ್ಣದ ಮದುವೆ ಆಲ್ಬಮ್‌ಗಳಲ್ಲಿ ಸೀರೆ, ಮುಖ, ಗೋಡೆ ಎಲ್ಲವೂ ಒಂದೇ ಕೆಂಚುಬಣ್ಣಕ್ಕೆ ತಿರುಗಿದ್ದುಂಟು. ಅದಕ್ಕೂ ಹಿಂದಿನ, ಚೆನ್ನಾಗಿ ತೊಳೆದ ಕಪ್ಪು-ಬಿಳುಪು ಚಿತ್ರ ಇನ್ನೂ ನಿಚ್ಚಳವಾಗಿರುತ್ತದೆ. ಮೊಬೈಲಿನಲ್ಲಿ ತೆಗೆದು ಬಣ್ಣ ಕಳೆದರೆ ಸಾಲದೇ ಎನ್ನುವವರಿದ್ದಾರೆ. ಅಂದದಲ್ಲಿ ಅದೇನೂ ಕಡಿಮೆಯಲ್ಲ. ಆದರೆ ಫೋನು ಕೆಟ್ಟರೆ ಕಡತವೂ ಹೋದೀತು. ನೆಗೆಟಿವ್ ಓದಲು ಕಿಟಕಿಯ ಬೆಳಕು, ಭೂತಗನ್ನಡಿ ಸಾಕು.

ಮಲೆನಾಡಿನ ಮಳೆಗಾಲದ ಆಕ್ಷೇಪ ಇದಕ್ಕಿಂತ ಗಟ್ಟಿ. ಜೆಲಟಿನ್ ಎಂದರೆ ಬೂಸ್ಟಿಗೆ ಆಹಾರ. ಆದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಅದರ ನೀಲಿ ಹರಳು ಗುಲಾಬಿಯಾದಾಗಲೆಲ್ಲ ಬಿಸಿಮಾಡಿ ಒಣಗಿಸಿದರೆ ನೆಗೆಟಿವ್ ಉಳಿಯುತ್ತದೆ. ಬೂಸ್ಟು ಬಾರದಂತೆ ಅಡಿಕೆ ಕಾಯುವವರಿಗೆ ಈ ಶಿಸ್ತು ಹೊಸದಲ್ಲ. ಇನ್ನು, ಮಾರಿಕಾಂಬೆಯ ಜಾತ್ರೆಯ ಕುಂಕುಮವಿಲ್ಲದೆ ಶಿರಸಿ ಉಂಟೇ ಎಂಬ ಪ್ರಶ್ನೆ. ಕುಂಕುಮ, ಮಾವಿನ ತೋರಣ ಎರಡೂ ಫಿಲ್ಮಿನಲ್ಲಿ ಹೆಚ್ಚುಕಡಿಮೆ ಒಂದೇ ಬೂದಾಗಬಹುದು. ಕೆಂಪು ಫಿಲ್ಟರ್ ಹಾಕಿದರೆ ಕುಂಕುಮ ತಿಳಿಯಾಗಿ ಎಲೆ ಕಪ್ಪಾಗುತ್ತದೆ. ಹಸಿರು ಹಾಕಿದರೆ ಅದಲುಬದಲು. ಏನನ್ನು ಮುಂದೆ ತರಬೇಕೆಂದು ಕ್ಲಿಕ್ಕಿಸುವ ಮೊದಲೇ ನಿರ್ಧರಿಸಬೇಕು. ಬಣ್ಣ ಹೋಗುತ್ತದೆ, ನಿಜ. ಅದನ್ನು ಹಿಡಿಯಲು ಜಾತ್ರೆಗೆ ಬಂದವರ ಕೈಯಲ್ಲೆಲ್ಲ ಮೊಬೈಲಿದೆ. ಆದರೆ ಫ್ಲೆಕ್ಸುಗಳೇ ಕಣ್ಣಿಗೆ ರಾಚುವ ಬೀದಿಯಲ್ಲಿ ಜಗಲಿಯ ನೆರಳು, ಬಾಗಿಲ ಚೌಕಟ್ಟು, ಚಾಲಿ ಅಡಿಕೆ ಆರಿಸುವ ಕೈಗಳತ್ತ ಗಮನ ತಿರುಗಿಸುವ ಶಕ್ತಿ ಈ ಬೂದುಛಾಯೆಗಿದೆ.

ಖರ್ಚಿನ ಮಾತೂ ಸುಳ್ಳಲ್ಲ. 36 ಚಿತ್ರಗಳ ಒಂದು ರೋಲು, ಅದನ್ನು ತೊಳೆಯುವ ರಾಸಾಯನಿಕ ಎರಡೂ ದುಬಾರಿ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಜಾತ್ರೆಯನ್ನೇ ಅವಧಿಯಾಗಿಟ್ಟುಕೊಳ್ಳೋಣ. ಶಿರಸಿಯ ಬಿಡ್ಕಿಬೈಲು, ದೇವಿಕೆರೆ, ಸಿದ್ದಾಪುರದ ಪೇಟೆಬೀದಿ, ಯಲ್ಲಾಪುರದ ಹೆದ್ದಾರಿಯಂಚಿನ ಅಂಗಡಿಸಾಲುಗಳನ್ನು ಪ್ರತಿ ಸಲವೂ ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ ಜಾತ್ರೆಯಲ್ಲೊಮ್ಮೆ, ಸಾದಾ ದಿನದಲ್ಲೊಮ್ಮೆ ತೆಗೆದು, ಲಕೋಟೆಯ ಮೇಲೆ ಬೀದಿ, ಅಂಗಡಿ, ತಾರೀಕು ಬರೆದಿಡೋಣ. ಒಬ್ಬೊಬ್ಬ ಬೆಳೆಗಾರನಿಗೆ ಆಗದ್ದನ್ನು ಕೂಡಿ ಮಾಡಬೇಕೆಂದು 1923ರಲ್ಲೇ ತೋಟಗಾರರ ಸೊಸೈಟಿ ಕಟ್ಟಿದ ಊರು ಶಿರಸಿ. ಒಬ್ಬ ಛಾಯಾಗ್ರಾಹಕನಿಗೆ ಭಾರವಾಗುವ ಈ ಕೆಲಸವನ್ನೂ ನಾವು ಹಾಗೆಯೇ ಕೂಡಿ ಹೊರಬಲ್ಲೆವು, ಹೊರಲೇಬೇಕು.