ಒಂದೇ ಮರಳು, ಮೂರು ಕಾರಣ

ತಲಕಾಡಿನ ಮರಳಿನ ಕಥೆಯನ್ನು ತಿರುಮಕೂಡಲು ನರಸೀಪುರದ ಸಭೆಯಲ್ಲಿ ಹೇಳಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. 1610ರಲ್ಲಿ ರಾಜ ಒಡೆಯರಿಗೆ ಶ್ರೀರಂಗಪಟ್ಟಣ ವಶವಾದದ್ದು, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಪತ್ನಿ ಅಲಮೇಲಮ್ಮ ಒಡವೆಯ ಗಂಟಿನೊಡನೆ ಕಾವೇರಿಗೆ ಹಾರಿದ್ದು, ಹಾರುವ ಮುನ್ನ ತಲಕಾಡಿಗೂ ಮಾಲಂಗಿಗೂ ಮೈಸೂರು ಅರಸರ ವಂಶಕ್ಕೂ ಶಾಪವಿತ್ತದ್ದು ಈ ತಾಲ್ಲೂಕಿನ ಮಕ್ಕಳಿಗೂ ಗೊತ್ತು. 2013ರಲ್ಲೋ 2020ರಲ್ಲೋ ಪಂಚಲಿಂಗ ದರ್ಶನಕ್ಕೆ ಹೋದವರು ಮರಳಿನ ದಿಬ್ಬಗಳ ನಡುವೆ ತಗ್ಗಿಗೆ ಇಳಿದು ಪಾತಾಳೇಶ್ವರನನ್ನು ಕಂಡು ಬಂದಿದ್ದಾರೆ. ಗಂಗರ ರಾಜಧಾನಿ, ಚೋಳರು ರಾಜರಾಜಪುರವೆಂದು ಕರೆದ ಊರು, ವಿಷ್ಣುವರ್ಧನನು 1116ರಲ್ಲಿ ಗೆದ್ದು ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು. ಅಷ್ಟು ದೊಡ್ಡ ಊರು ಮರಳಿನ ಕೆಳಗೆ ಹೋಯಿತು. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು ಏಕೆ ಹೋಯಿತು ಎನ್ನುವುದರಲ್ಲಿ.

ಶಾಪ ಒಂದು ಉತ್ತರ. ಎರಡನೆಯದನ್ನು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟವರು ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿಯಾದ ಇವರನ್ನು ಕನ್ನಡ ಓದುಗರು ಕಾದಂಬರಿಕಾರರೆಂದೂ ಬಲ್ಲರು. 14ನೆಯ ಶತಮಾನದಲ್ಲಿ ತಲಕಾಡಿನ ಮೇಲ್ಭಾಗದಲ್ಲಿ ಮಾಧವಮಂತ್ರಿ ಅಣೆಕಟ್ಟು ಎದ್ದಿತು. ಕೆಳಗಿನ ಹೊಳೆಯಲ್ಲಿ ನೀರು ತಗ್ಗಿ ಪಾತ್ರದ ಮರಳು ಬಯಲಾಯಿತು. ಗಾಳಿ ಅದನ್ನು ಹೊತ್ತು ಊರೊಳಕ್ಕೆ ಸುರಿಯಿತು ಎಂಬುದು ಅವರ ವಾದದ ತಿರುಳು. ಹಾಗಿದ್ದರೆ ಅಲಮೇಲಮ್ಮ ಹುಟ್ಟುವ ಮೊದಲೇ ಮರಳು ಬೀಳತೊಡಗಿರಬೇಕು. ಶಾಪವು ಆಗಿಹೋದ ಅನಾಹುತಕ್ಕೆ ಜನ ಆಮೇಲೆ ಕೊಟ್ಟುಕೊಂಡ ವಿವರಣೆಯಾಗಬೇಕು. ಮೂರನೆಯ ಉತ್ತರ ಭೂವಿಜ್ಞಾನಿ ಕೆ.ಎಸ್. ವಾಲ್ಡಿಯಾ ಅವರದು. ಅವರು ಹೊಳೆಗಿಂತ ಕೆಳಗೆ, ಬಂಡೆಯ ಬಿರುಕುಗಳನ್ನು ನೋಡಿದರು. ಮೈಸೂರು ಪ್ರಸ್ಥಭೂಮಿಯಲ್ಲಿ ಹಳೆಯ ಬಿರುಕುಗಳ ಉದ್ದಕ್ಕೂ ನೆಲ ಮತ್ತೆ ಅಲುಗಿ, ಕಾವೇರಿಯ ಹರಿವು ಅಲ್ಲಲ್ಲಿ ಕಟ್ಟಿಕೊಂಡು ಮರಳು ಮಣ್ಣು ಶೇಖರವಾಯಿತೆಂಬ ದಾರಿಯಲ್ಲಿ ಅವರ ವಿಚಾರ ಸಾಗುತ್ತದೆ.

ಮರಳು ಒಂದೇ. ಅದನ್ನು ಮೇಲಿನಿಂದ ಉಪಗ್ರಹ ತೆಗೆದ ಚಿತ್ರವೂ ಒಂದೇ. ಆದರೆ ಚಿತ್ರ ನೋಡಿ ಕಾರಣ ಯಾವುದೆಂದು ಹೇಳಲಾಗುವುದಿಲ್ಲ. ಇಂದಿನ ವಿಷಯ ಹುಟ್ಟುವುದೇ ಇಲ್ಲಿ. ಊರುಗಳನ್ನೂ ಜನರನ್ನೂ ಅರಿಯಲು ಭೂಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿ ಅಣಕು ಪ್ರಯೋಗ ಮಾಡುವ ವಿದ್ಯೆಯೊಂದು ಬೆಳೆದಿದೆ. ಸಿಮ್ಯುಲೇಷನ್ ಎಂದು ಅದರ ಹೆಸರು. ಅದು ಭವಿಷ್ಯ ಹೇಳುವ ಯಂತ್ರ ಎಂದು ಹಲವರ ನಂಬಿಕೆ. ಅದಕ್ಕಿಂತ ಸಣ್ಣ, ಅದಕ್ಕಿಂತ ಉಪಯುಕ್ತವಾದ ಕೆಲಸವೊಂದನ್ನು ಅದು ಮಾಡುತ್ತದೆ. ಹೊಳೆಯ ತಿರುವು, ದಂಡೆಯ ಎತ್ತರ, ಗಾಳಿಯ ದಿಕ್ಕು, ಮರಳಿನ ಕಾಳಿನ ಗಾತ್ರ ಇವನ್ನು ಕೊಟ್ಟು, ಅಣೆಕಟ್ಟು ಇಟ್ಟು ಒಮ್ಮೆ, ಇಡದೆ ಒಮ್ಮೆ ಕೆಲವು ನೂರು ವರ್ಷ ಓಡಿಸಿ ನೋಡಬಹುದು. ಅಣೆಕಟ್ಟಿಲ್ಲದೆಯೂ ಅಷ್ಟೇ ಮರಳು ಬಿದ್ದರೆ ಎರಡನೆಯ ಉತ್ತರದ ಬಲ ಕುಂದಿತು. ಯಾವ ಕಾರಣ ಸಾಲದು ಎಂದು ತೋರಿಸುವುದರಲ್ಲಿ ಈ ವಿದ್ಯೆ ಜಾಣ. ಇದೇ ಕಾರಣ ಎಂದು ಸಾಧಿಸುವುದರಲ್ಲಿ ಅಷ್ಟು ಜಾಣ ಅಲ್ಲ.

ನೀರಿನ ವಿಷಯಕ್ಕೆ ಬಂದರೆ ಕೆಲಸ ಸಲೀಸು, ಏಕೆಂದರೆ ನೀರು ನಿಯಮ ಮೀರುವುದಿಲ್ಲ. ಕಬಿನಿ ಕೊಳ್ಳವನ್ನು ಕುರಿತ ಜಲವಿಜ್ಞಾನದ ಪ್ರಬಂಧಗಳಲ್ಲಿ ತಿ. ನರಸೀಪುರದ ಹೆಸರು ಮತ್ತೆ ಮತ್ತೆ ಬರುತ್ತದೆ. ಗುಂಜಾ ನರಸಿಂಹಸ್ವಾಮಿಗಾಗಿ ಅಲ್ಲ, ಕೇಂದ್ರ ಜಲ ಆಯೋಗ ಇಲ್ಲಿ ಕಪಿಲೆಯ ಮೇಲೆ ಇಟ್ಟಿರುವ ಮಾಪನ ಕೇಂದ್ರಕ್ಕಾಗಿ. ವಯನಾಡಿನಲ್ಲಿ ಬಿದ್ದ ಮಳೆ, ಇಳಿಜಾರು, ಮಣ್ಣು, ಕಾಡು, ಗದ್ದೆ ಇವುಗಳ ಲೆಕ್ಕ ಹಾಕಿ ಕಂಪ್ಯೂಟರು ಹೊಳೆಯನ್ನು ಹರಿಸುತ್ತದೆ. ಇಲ್ಲಿ ಅಳೆದ ನೀರಿಗೂ ಅದು ಹೇಳಿದ ನೀರಿಗೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಲೆಕ್ಕ ತಿದ್ದುತ್ತಾರೆ.

ಆದರೂ ಸಂಗಮದಲ್ಲಿ ಒಂದು ತೊಡಕುಂಟು. ಕಬಿನಿ ಜಲಾಶಯ ಚಿಕ್ಕದು, 19.52 ಟಿಎಂಸಿ, ಕೃಷ್ಣರಾಜಸಾಗರ 49.45. ವಯನಾಡಿನಲ್ಲಿ ಜಡಿಮಳೆ ಹಿಡಿದರೆ ಕಬಿನಿ ಬೇಗ ತುಂಬಿ ಬಂದ ನೀರನ್ನೆಲ್ಲ ಕೆಳಕ್ಕೆ ಬಿಡಬೇಕಾಗುತ್ತದೆ. ಅದೇ ಹೊತ್ತಿಗೆ ಕನ್ನಂಬಾಡಿಯಿಂದಲೂ ನೀರು ಬಿಟ್ಟಿದ್ದರೆ, ಏರಿದ ಕಾವೇರಿ ಕಪಿಲೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಪಿಲೆ ನಿಧಾನಿಸಿ, ಹಿಂದಕ್ಕೆ ಒತ್ತಿ, ದಡದ ಮೇಲೆ ಏರುತ್ತದೆ. ಅಂದರೆ ಸಂಗಮದ ಮೆಟ್ಟಿಲಿನ ಮೇಲೆ ನೀರಿನ ಗುರುತು ಒಂದೇ ಎತ್ತರದಲ್ಲಿದ್ದರೂ, ಒಂದು ವರ್ಷ ಅದು ಕಪಿಲೆ ತಂದ ನೀರಾಗಿರಬಹುದು, ಇನ್ನೊಂದು ವರ್ಷ ಕಾವೇರಿ ತಡೆದ ನೀರಾಗಿರಬಹುದು. ಮಟ್ಟ ಮಾತ್ರ ಬರೆದಿಟ್ಟವನಿಗೆ ವ್ಯತ್ಯಾಸ ತಿಳಿಯದು. ಎರಡು ಹೊಳೆಯನ್ನೂ ಕೂಡಿಸಿ ಹರಿಸಿದ ಅಣಕು ಪ್ರಯೋಗಕ್ಕೆ ತಿಳಿಯುತ್ತದೆ. ತಿಳಿದರೆ ಯಾವ ಜಲಾಶಯದ ಬಾಗಿಲನ್ನು ಎಷ್ಟು ಹೊತ್ತು ಮುಂಚೆ ತೆರೆಯಬೇಕು ಎಂಬ ಮಾತಿಗೆ ಆಧಾರ ಸಿಗುತ್ತದೆ. ಇದು ಒಣ ಪಾಂಡಿತ್ಯವಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆ ಮಲ್ಲನಮೂಲೆಯ ಬಳಿ ಮುಳುಗಿ ಬಸ್ಸು ಲಾರಿಗಳು ನಿಂತದ್ದನ್ನು ಈ ಭಾಗದವರು ಮರೆತಿಲ್ಲ.

ನೀರಿನಷ್ಟು ವಿಧೇಯರಲ್ಲ ಮನುಷ್ಯರು. ಅವರನ್ನು ಕಂಪ್ಯೂಟರಿನಲ್ಲಿ ಹೇಗೆ ಕೂರಿಸುವುದು? ಚೌಕಾಬಾರದ ಮನೆಗಳನ್ನು ನೆನೆಯಿರಿ. ಆ ಮಣೆಯನ್ನು ಸಾವಿರ ಪಟ್ಟು ದೊಡ್ಡದು ಮಾಡಿ, ಒಂದೊಂದು ಮನೆಯಲ್ಲೂ ಒಂದೊಂದು ಕುಟುಂಬ ಇಟ್ಟು, ಎಲ್ಲರಿಗೂ ಒಂದು ಸರಳ ನಿಯಮ ಕೊಟ್ಟು, ನಡೆಸುತ್ತ ಹೋದರೆ ಅದೇ ಜನರ ಅಣಕು ಪ್ರಯೋಗ. ಇದಕ್ಕೆ ಹೆಸರಾದ ಉದಾಹರಣೆ ಅಮೆರಿಕದ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ್ದು. ಅವರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಚದುರಂಗದಂಥ ಮಣೆ, ಎರಡು ಬಗೆಯ ನಾಣ್ಯ, ಇಷ್ಟೇ ಅವರ ಸಾಮಗ್ರಿ. ತನ್ನ ನೆರೆಹೊರೆಯಲ್ಲಿ ಒಂದಿಷ್ಟು ಪಾಲು ತನ್ನಂಥವರಿದ್ದರೆ ಸಾಕು, ಇಲ್ಲದಿದ್ದರೆ ಬೇರೆ ಮನೆಗೆ ಹೋಗುತ್ತೇನೆ ಎಂಬುದು ನಿಯಮ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಆದರೂ ಕೆಲವೇ ಸುತ್ತಿನಲ್ಲಿ ಮಣೆ ಎರಡು ಪಾಳೆಯವಾಗಿ ಒಡೆಯಿತು. ಸಣ್ಣ ಒಲವುಗಳು ಕೂಡಿ, ಯಾರೂ ಬಯಸದಷ್ಟು ದೊಡ್ಡ ಬೇಲಿ ಎದ್ದಿತು.

ಚೆಲುವಾದ ಫಲಿತಾಂಶ. ಆದರೆ ಇದನ್ನು ಹಿಡಿದುಕೊಂಡು ಕಾವೇರಿ ಬಯಲಿನ ಯಾವುದಾದರೂ ಹಳ್ಳಿಯ ನಕ್ಷೆಯ ಮುಂದೆ ನಿಂತರೆ ಏನಾಗುತ್ತದೆ? ಅಲ್ಲಿಯೂ ಕೇರಿಗಳು ಬೇರೆ ಬೇರೆ. ನಾಣ್ಯದ ಮಣೆಯ ಚಿತ್ರಕ್ಕೂ ಹಳ್ಳಿಯ ಚಿತ್ರಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ನಿಯಮವೂ ಅದೇ ಇರಬೇಕು, ಇಲ್ಲಿಯೂ ಜನ ತಮ್ಮಂಥವರ ಪಕ್ಕ ಇರಲು ಬಯಸಿ ಹೀಗಾಯಿತು ಎಂದು ಹೇಳಿಬಿಡುವುದು ಸುಲಭ. ಅದು ಸುಳ್ಳು. ದಲಿತರ ಕೇರಿ ಊರಾಚೆ ಇರುವುದು ಅವರ ಒಲವಿನಿಂದಲ್ಲ. ಊರೊಳಗೆ ಅವರನ್ನು ಬಿಡಲಿಲ್ಲ, ಅದಕ್ಕೆ. ಚಿತ್ರ ಒಂದೇ, ಹಿಂದಿನ ನಿಯಮ ಬೇರೆ. ಒಂದರಲ್ಲಿ ಆಯ್ಕೆ, ಇನ್ನೊಂದರಲ್ಲಿ ಕಟ್ಟುಪಾಡು. ಮಣೆಯನ್ನೆಷ್ಟು ಸಲ ಓಡಿಸಿದರೂ ಕಂಪ್ಯೂಟರು ಇದನ್ನು ತಾನಾಗಿ ಕಂಡುಹಿಡಿಯಲಾರದು, ಏಕೆಂದರೆ ಎರಡು ನಿಯಮವೂ ಅದರ ಕಣ್ಣಿಗೆ ಸಮ.

ಹಾಗಾದರೆ ನಿಯಮ ಸಿಗುವುದು ಎಲ್ಲಿ? ಇದಕ್ಕೂ ಈ ತಾಲ್ಲೂಕನ್ನು ಬಿಟ್ಟು ದೂರ ಹೋಗಬೇಕಿಲ್ಲ. 1948ರಲ್ಲಿ ಎಂ.ಎನ್. ಶ್ರೀನಿವಾಸರು ಬನ್ನೂರಿನ ಕಡೆಯ ಕೊಡಗಹಳ್ಳಿಗೆ ಬಂದು ಹಲವು ತಿಂಗಳು ನಿಂತರು. ಬರಹದಲ್ಲಿ ಅದನ್ನು ರಾಂಪುರವೆಂದು ಕರೆದರು. ಸಮಾಜಶಾಸ್ತ್ರ ಓದುವವರಿಗೆ ಜಗತ್ತಿನ ಎಲ್ಲೆಡೆ ಆ ಹೆಸರು ಪರಿಚಿತ. ಜಮೀನು, ಜನಸಂಖ್ಯೆ, ಸ್ಥಾನಮಾನ ಕೂಡಿದ ಜಾತಿಯೊಂದು ಊರನ್ನು ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಂಡು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಕೊಟ್ಟರು. ಯಾರ ಮಾತಿಗೆ ಯಾರು ಎದುರಾಡುವುದಿಲ್ಲ, ಜಗಳವಾದರೆ ಯಾರ ಜಗಲಿಗೆ ಹೋಗುತ್ತಾರೆ, ಯಾರ ಸಾಲ ಯಾರ ಮೇಲಿದೆ, ಇವು ಯಾವ ನಕ್ಷೆಯಲ್ಲೂ ಇಲ್ಲದ ಸಂಗತಿಗಳು. ಊರು ನಡೆಯುವುದು ಮಾತ್ರ ಇವುಗಳ ಮೇಲೆಯೇ. ಶ್ರೀನಿವಾಸರ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನ ಬಲದಿಂದಲೇ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಆ ಟಿಪ್ಪಣಿಗಳು ಸುಟ್ಟುಹೋದ ಮೇಲೂ ಊರಿನ ನಿಯಮಗಳು ಅವರ ತಲೆಯಲ್ಲಿ ಉಳಿದಿದ್ದವು.

ಹಿಂದಿನ ಸರ್ವೆಯವರು ಈ ಎರಡನ್ನೂ ಬೇರೆ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಸರಪಳಿ ಎಳೆಸುತ್ತಲೇ ಕಾವಲಿ ಬೋರಯ್ಯನಂಥ ಸಹಾಯಕರಿಂದ ಊರೂರಿನ ಕೈಫಿಯತ್ತುಗಳನ್ನೂ ಬರೆಸಿದ. ಇಂದು ಅಳತೆ ಕಂಪ್ಯೂಟರಿಗೆ ಹೋಗಿದೆ, ಕಥೆ ಜಾನಪದದ ಕಪಾಟಿಗೆ ಹೋಗಿದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಗಣಕೀಕರಣವಾದದ್ದು ದೊಡ್ಡ ಕೆಲಸವೇ. ಆದರೆ ಪಹಣಿ ಖಾತೆದಾರನ ಹೆಸರು ಹೇಳುತ್ತದೆ. ವಾರಕ್ಕೆ ಮಾಡುವವನ ಹೆಸರನ್ನು ಎಷ್ಟೋ ಸಲ ಹೇಳುವುದಿಲ್ಲ.

ಈಗ ನಗರಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಸಾಲಾಗಿ ಇಟ್ಟು ಆ ನಗರ ಬೆಳೆದ ಪರಿಯನ್ನು ಅಳೆದರು. 1973ರಲ್ಲಿ ನೆಲದ ಶೇ 8ರಷ್ಟು ಮಾತ್ರ ಕಟ್ಟಡ ಮತ್ತು ರಸ್ತೆ. ಹಸಿರು ಶೇ 68. ಬೆಳವಣಿಗೆ ಇದೇ ಜಾಡಿನಲ್ಲಿ ಸಾಗಿದರೆ 2020ರ ಹೊತ್ತಿಗೆ ಶೇ 93ರಷ್ಟು ನೆಲ ಕಾಂಕ್ರೀಟಿನಡಿ ಹೋಗುತ್ತದೆ ಎಂದು ಅವರ ಅಣಕು ಪ್ರಯೋಗ ಎಚ್ಚರಿಸಿತು. ವಿಧಾನ ಮತ್ತೆ ಚೌಕಾಬಾರವೇ: ಪಕ್ಕದ ಮನೆಗಳು ಕಟ್ಟಡವಾಗಿದ್ದರೆ, ಹತ್ತಿರ ರಸ್ತೆ ಇದ್ದರೆ, ಖಾಲಿ ಮನೆಯೂ ಕಟ್ಟಡವಾಗುವ ಸಂಭವ ಹೆಚ್ಚು. ಹಳೆಯ ಚಿತ್ರಗಳಿಂದ ಸಂಭವದ ಪ್ರಮಾಣ ಕಲಿತು ಮುಂದಿನ ಚಿತ್ರ ಬರೆಯುತ್ತದೆ. ಎಚ್ಚರಿಕೆಯಾಗಿ ಇದು ಬೆಲೆಯುಳ್ಳದ್ದು. ಕೆರೆ ಏಕೆ ಬಡಾವಣೆಯಾಯಿತು, ಯಾರ ಸಹಿಯಿಂದ ಆಯಿತು ಎಂದು ಕೇಳಿದರೆ ಅದು ಮೌನ.

ಮೈಸೂರು ನಂಜನಗೂಡಿನ ಕಡೆಗೆ ಚಾಚುತ್ತಿದೆ. ರಸ್ತೆಯ ಎರಡೂ ಬದಿಗೆ ಕೈಗಾರಿಕೆ, ವಿಮಾನ ನಿಲ್ದಾಣ, ಬಡಾವಣೆ. ನಗರದ ಬೆಳವಣಿಗೆಯ ಮಣೆಯಲ್ಲಿ ಈ ರಸ್ತೆಯ ಪಕ್ಕದ ಮನೆಗಳೆಲ್ಲ ನಾಳೆಯ ಕಟ್ಟಡಗಳು. ನೆರೆಯ ಮಣೆಯಲ್ಲಿ ಇದೇ ರಸ್ತೆಯ ಒಂದು ತುಂಡು ನೀಲಿ. ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟರೆ ಯಾವ ಸರ್ವೆ ನಂಬರಿನಲ್ಲಿ ಮನೆ ಏಳಬಾರದು ಎಂದು ಕಾಣುತ್ತದೆ. ಅಲ್ಲಿಗೆ ಅರ್ಧ ಕೆಲಸ ಆಯಿತು. ಉಳಿದರ್ಧ, ತಗ್ಗಿನಲ್ಲಿ ಜನ ಮನೆ ಕಟ್ಟುವುದೇಕೆ ಎಂಬುದು. ಕೂಲಿ ಮಾಡುವವನಿಗೆ ಬೇರೆಡೆ ನಿವೇಶನ ಎಟುಕದೆ ಅಲ್ಲಿಗೆ ಬಂದಿರಬಹುದು. ಅಥವಾ ಗದ್ದೆಯನ್ನು ಅಗ್ಗಕ್ಕೆ ಕೊಂಡು, ಮಣ್ಣು ತುಂಬಿಸಿ, ಚೆಂದದ ಹೆಸರಿಟ್ಟು ಮಾರಿದವರಿರಬಹುದು. ಮೇಲಿನಿಂದ ಎರಡೂ ಒಂದೇ ಬಗೆಯ ಹೆಂಚು, ತಾರಸಿ. ಮೊದಲನೆಯದಕ್ಕೆ ಎತ್ತರದಲ್ಲಿ ನಿವೇಶನ ಕೊಡುವುದು ಮದ್ದು; ಎರಡನೆಯದಕ್ಕೆ ಭೂಪರಿವರ್ತನೆಯ ಅನುಮತಿ ತಡೆಯುವುದು ಮದ್ದು. ಕಾರಣ ತಪ್ಪಾಗಿ ಊಹಿಸಿ ‘ತೆರವು’ ಎಂದು ಹೊರಟರೆ, ಮೊದಲು ಬೀದಿಗೆ ಬೀಳುವುದು ಕೂಲಿಯವನು.

ಇದಕ್ಕೆ ಬೇಕಾದ ಮಾಹಿತಿ ಎಲ್ಲವೂ ಉಪಗ್ರಹದಿಂದ ಬರುವುದಲ್ಲ. ಮಾಪನ ಕೇಂದ್ರ ಹೊಳೆಯ ಒಂದು ಜಾಗದ ಮಟ್ಟವನ್ನಷ್ಟೆ ಬಲ್ಲದು. ನೀರು ಯಾವ ಬೀದಿಗೆ ಮೊದಲು ನುಗ್ಗಿತು, ಯಾವ ಮೋರಿಯಿಂದ ಹಿಮ್ಮುಖವಾಗಿ ಬಂತು, ಎಷ್ಟು ದಿನ ನಿಂತಿತು ಎಂಬುದನ್ನು ಅಲ್ಲಿನ ಮನೆಯವರು ಬಲ್ಲರು. ನಂಜನಗೂಡಿನವರು ಹೊಳೆಯ ಏರಿಳಿತವನ್ನು ಹದಿನಾರು ಕಾಲಿನ ಮಂಟಪ ಎಷ್ಟು ಮುಳುಗಿತು ಎಂದು ಹೇಳುವುದುಂಟು. ಮಂಟಪದ ಎತ್ತರ ಅಳೆದುಕೊಂಡರೆ ಅದೂ ಅಂಕಿಯೇ. 1924ರ ದೊಡ್ಡ ನೆರೆಯನ್ನು ಕಂಡವರು ಇಂದು ಸಿಗುವುದಿಲ್ಲ. ಗೋಡೆಯ ಗುರುತು ತೋರಿಸಿ ‘ಇಲ್ಲಿಯವರೆಗೆ ಬಂದಿತ್ತು’ ಎನ್ನುವವರಿಲ್ಲ. 2018 ಮತ್ತು 2019ನ್ನು ಕಂಡವರು ಇನ್ನೂ ಪ್ರತಿ ಬೀದಿಯಲ್ಲಿದ್ದಾರೆ. ಒಂದು ಅಳತೆ ಪಟ್ಟಿ, ಒಂದು ನೋಟ್‌ಬುಕ್ಕು ಹಿಡಿದು ಎರಡೂ ಊರಿನ ಪ್ರೌಢಶಾಲೆಯ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸವದು.