ಕನ್ನಡಕ ಕಳಚಲು ಯಾವುದು ಕಾಲ?

ನಿಮ್ಮ ಮನೆಯಲ್ಲಿ ಕನ್ನಡಕ ಧರಿಸುವ ಮಗಳೋ ಸೊಸೆಯೋ ಇದ್ದರೆ, ಲೇಸರ್ ಕಿರಣದಿಂದ ದೃಷ್ಟಿಯನ್ನು ತಿದ್ದಿಸಿಕೊಳ್ಳುವ ಮಾತು ಒಮ್ಮೆಯಾದರೂ ಬಂದೇ ಇರುತ್ತದೆ. ಲಾಸಿಕ್ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹೆಣ್ಣುಮಕ್ಕಳು ಇಂದು ತಾಯಂದಿರಾಗಿ ಬಂದು ಕೇಳುವ ಪ್ರಶ್ನೆಯೊಂದುಂಟು: “ಹೆರಿಗೆ ರಜೆ 26 ವಾರ ಇದೆಯಲ್ಲ, ಅದರಲ್ಲಿಯೇ ಇದನ್ನೂ ಮುಗಿಸಿಬಿಡಬಹುದಲ್ಲವೆ?” ಕೇಳುವುದು ಸಹಜವೇ. ತವರಿನಲ್ಲಿ ನೋಡಿಕೊಳ್ಳುವವರಿದ್ದಾರೆ, ಕಛೇರಿಯ ಗಡಿಬಿಡಿಯಿಲ್ಲ. ಕೂಸು ಕನ್ನಡಕವನ್ನು ಕಿತ್ತೆಸೆಯುವ ಕಾಟ ಬೇರೆ. ಆದರೂ ನೇತ್ರವೈದ್ಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಈಗ ಬೇಡ.

ಏಕೆಂಬುದನ್ನು ತಿಳಿಯೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಲೇಸರ್ ಕಿರಣವು ಅದರಿಂದ ಮೈಕ್ರಾನುಗಳ ಲೆಕ್ಕದಲ್ಲಿ ಅಂಶವನ್ನು ತೆಗೆದು ಉಬ್ಬನ್ನು ತಿದ್ದುತ್ತದೆ. ತೆಗೆದದ್ದನ್ನು ಮತ್ತೆ ತುಂಬಲಾಗದು. ಆದುದರಿಂದ ಅಳತೆ ಸರಿಯಾಗಿರಲೇಬೇಕು. ಬಸುರಿಯ ಮೈಯಲ್ಲಿ ನೀರಿನಂಶ ಹೆಚ್ಚಿ ಕಾಲು ಬಾಯುವುದನ್ನು, ಬಳೆ ಬಿಗಿಯಾಗುವುದನ್ನು ನೀವು ನೋಡಿದ್ದೀರಿ. ಹಾರ್ಮೋನುಗಳ ಪ್ರಭಾವದಿಂದ ಕಾರ್ನಿಯಾ ಕೂಡ ತುಸು ದಪ್ಪವಾಗಿ ಅದರ ಬಾಗು ಬದಲಾಗಬಹುದು. ಕನ್ನಡಕದ ನಂಬರು ಏರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೂ ಹೆರಿಗೆಯ ಬಳಿಕವೋ, ಹಾಲುಣಿಸುವುದು ನಿಂತ ಬಳಿಕವೋ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಬಸುರಿಯ ಮೈಯಳತೆಗೆ ಹೊಲಿಸಿದ ರವಿಕೆ ಮುಂದೆ ಸಡಿಲವಾದರೆ ಬಿಚ್ಚಿ ಹೊಲಿಯಬಹುದು. ಕಣ್ಣನ್ನು ಹಾಗೆ ಬಿಚ್ಚಿ ಹೊಲಿಯುವ ದರ್ಜಿ ಇಲ್ಲ.

ಇನ್ನೊಂದು ಕಾರಣ ಕಣ್ಣಿನ ಒಣಗುವಿಕೆ. ಈ ಅವಧಿಯಲ್ಲಿ ಅನೇಕರಿಗೆ ಕಣ್ಣು ಒಣಗಿ ಉರಿಯುವುದುಂಟು. ಲಾಸಿಕ್ಕಿನಲ್ಲಿ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಆ ತೊಂದರೆ ಕೆಲವು ತಿಂಗಳು ಮತ್ತಷ್ಟು ಹೆಚ್ಚಬಹುದು. ಬಳಿಕ ಹಾಕುವ ಸ್ಟೆರಾಯ್ಡ್ ಮುಂತಾದ ಹನಿಗಳು, ಕೊಡುವ ಮಾತ್ರೆಗಳು ಮಗುವಿಗೆ ಎಷ್ಟರಮಟ್ಟಿಗೆ ಸೇರಿಯಾವೆಂಬ ಎಚ್ಚರವೂ ಬೇಕು. ಅಮೆರಿಕದ ಔಷಧ ಆಡಳಿತ ಸಂಸ್ಥೆಯೂ ಗರ್ಭಿಣಿಯರನ್ನು, ಹಾಲುಣಿಸುವ ತಾಯಂದಿರನ್ನು ಈ ಚಿಕಿತ್ಸೆಗೆ ತಕ್ಕವರೆಂದು ಎಣಿಸುವುದಿಲ್ಲ.

ಹಾಗಾದರೆ ಬೇಗ ಹಾಲು ಬಿಡಿಸಿಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಈ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಮೊದಲ 6 ತಿಂಗಳು ತಾಯಿಯ ಹಾಲೊಂದೇ, ಬಳಿಕ ಇತರ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಮೀರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕನ್ನಡಕ ಕಾದೀತು, ಕೂಸು ಕಾಯದು. ಮೊಲೆ ಬಿಡಿಸಿದ ಮರುದಿನವೇ ಕಣ್ಣು ಸ್ಥಿರವಾಗುವುದೂ ಇಲ್ಲ. ಹಾಲು ನಿಂತು ಸುಮಾರು 3 ತಿಂಗಳಾದ ಮೇಲೆ ಅಳೆದು, ಕೆಲವು ವಾರ ಬಿಟ್ಟು ಮತ್ತೆ ಅಳೆದು, ಎರಡೂ ಹೊಂದಿದರೆ ಮುಂದುವರಿಯುವುದು ಅನೇಕ ವೈದ್ಯರ ಪದ್ಧತಿ. ಇನ್ನೂ ಹೆಚ್ಚು ಕಾಲ ಕಾಯಿಸುವವರೂ ಇದ್ದಾರೆ. ಅವರ ಮೇಲೆ ಸಿಟ್ಟಾಗಬೇಡಿ.

ಮದುವೆಗೆ ಮುನ್ನ ಮಾಡಿಸುವವರ ಲೆಕ್ಕವೂ ಇದೇ. ಚಿಕಿತ್ಸೆಗೆ ಹಿಂದಿನ ಒಂದು ವರ್ಷವಾದರೂ ನಂಬರು ಬದಲಾಗದೆ ನಿಂತಿರಬೇಕು. ಚಿಕಿತ್ಸೆಯಾದ ಮೇಲೆ ಕಣ್ಣು ಚೆನ್ನಾಗಿ ಮಾಗಲು 3ರಿಂದ 6 ತಿಂಗಳು ಗರ್ಭಧಾರಣೆಯನ್ನು ಮುಂದೂಡಿದರೆ ಒಳಿತೆನ್ನುತ್ತಾರೆ. ಮುಹೂರ್ತ ನೋಡುವಾಗ ಈ ಲೆಕ್ಕವನ್ನೂ ನೋಡಿರೆಂದರೆ ನಗಬೇಡಿ. ಲೇಸರ್ ಮಾಡಿಸಿಕೊಂಡವಳು ಹೆರಿಗೆಯಲ್ಲಿ ಮುಕ್ಕರಿದರೆ ಕಣ್ಣು ಕೆಡುವುದೆಂಬ ಹೆದರಿಕೆಗೆ ಮಾತ್ರ ಆಧಾರವಿಲ್ಲ; ಅದೊಂದಕ್ಕಾಗಿ ಹೊಟ್ಟೆ ಕೊಯ್ಯಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಬಸುರಿಗೆ ಹಠಾತ್ತನೆ ಕಣ್ಣು ಮಂಜಾಗಿ, ತಲೆನೋವಿನೊಡನೆ ಮಿಂಚು ಹೊಳೆದಂತಾದರೆ, ಅದು ರಕ್ತದೊತ್ತಡ ಏರಿದ ಗುರುತಾಗಿರಬಹುದು. ಕನ್ನಡಕದಂಗಡಿಗಲ್ಲ, ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕನ್ನಡಕಕ್ಕೆ ಚಾಳೀಸು ಎನ್ನುವುದುಂಟು. ನಲವತ್ತು ಎಂಬರ್ಥದ ಮಾತು. ಲೇಸರ್ ಮಾಡಿಸಿಕೊಂಡವರಿಗೂ ಆ ವಯಸ್ಸು ದಾಟಿದ ಮೇಲೆ ಓದಲು ಚಾಳೀಸು ಬಂದೀತೆಂದು ಮೊದಲೇ ತಿಳಿದಿರಲಿ. ಅಳತೆಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಯ್ಯಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲು ಅದನ್ನು ಬಿಡಬೇಕೆಂದು ಕೇಳಿ ತಿಳಿಯಲಿ. ಮೆದು ಲೆನ್ಸಿಗಿಂತ ಗಡುಸು ಲೆನ್ಸಿಗೆ ಹೆಚ್ಚು ದಿನ ಬೇಕು.