ಊರು ಬಿಡುವ ಮುನ್ನ

(ತಿಕೋಟಾದಲ್ಲಿ ಸೇರಿದ್ದ ರೈತರ ಹಾಗೂ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಂದ ವಿಜಯಪುರಕ್ಕೆ ಹೋಗುವ ಬಸ್ಸು ಪಟ್ಟಣ ಮುಟ್ಟುವ ಮೊದಲು ತೊರವಿಯನ್ನು ದಾಟುತ್ತದೆ. ಅಲ್ಲಿಯ ಮುರುಕು ಗೋಡೆಗಳನ್ನು ನೀವೆಲ್ಲ ನೋಡಿದ್ದೀರಿ. ಒಂದು ಕಾಲಕ್ಕೆ ಅದೇ ಹೊಸ ಪಟ್ಟಣವಾಗಿತ್ತು. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಅಲ್ಲಿ ನೌರಸಪುರವೆಂಬ ನಗರವನ್ನು ಕಟ್ಟಿಸತೊಡಗಿದನು. ಸರದಾರರೂ ವ್ಯಾಪಾರಿಗಳೂ ಅಲ್ಲಿಗೆ ಬಂದು ಮನೆ ಕಟ್ಟಬೇಕೆಂದು ಅಪ್ಪಣೆಯಾಯಿತು. ಆದರೆ ಕೆಲಸ ಮುಗಿಯಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಬಿಜಾಪುರಕ್ಕೆ ಕೋಟೆಯಿತ್ತು, ಅದು ಉಳಿಯಿತು. ಅಪ್ಪಣೆ ಕೊಟ್ಟ ಅರಸನ ಹೆಸರು ಇತಿಹಾಸದಲ್ಲಿದೆ; ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಂದು ನಮಗೆ ಊರು ಬಿಡಿರೆಂದು ಅಪ್ಪಣೆ ಕೊಡುವವರು ಬೇರೆ. ಸಾಲ, ಕೈಕೊಟ್ಟ ಮಳೆ, ಅಣ್ಣತಮ್ಮಂದಿರ ಪಾಲು, ಮಗಳ ಕಾಲೇಜು, ಇವು ಅಪ್ಪಣೆ ಕೊಡುತ್ತಿವೆ. ವಿಜಯಪುರದ ಜನಸಂಖ್ಯೆ 2011ರ ಗಣತಿಯಲ್ಲೇ ಮೂರೂಕಾಲು ಲಕ್ಷ ದಾಟಿತ್ತು. ಅದರಲ್ಲಿ ನಮ್ಮ ತಿಕೋಟಾ, ಬಬಲೇಶ್ವರ ಭಾಗದ ಮಂದಿ ಎಷ್ಟೋ ಇದ್ದಾರೆ.

ಊರು ಬಿಡಬೇಡಿರೆಂದು ಹೇಳಲು ನಾವು ಬಂದಿಲ್ಲ. ಹಳ್ಳಿಯನ್ನು ಸ್ವರ್ಗವೆಂದು ಹೊಗಳುವವರಿಗೆ ಡಾ. ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಕಟುವಾಗಿ ಉತ್ತರಿಸಿದ್ದರು. ಊರ ಬಾವಿಯಲ್ಲಿ ನೀರು ಸೇದಲು ಬಿಡದಿದ್ದಾಗ ಪಟ್ಟಣದ ನಲ್ಲಿಯನ್ನು ಹುಡುಕಿಕೊಂಡು ಹೋದವನನ್ನು ತಪ್ಪೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೋಗುವವರು ಲೆಕ್ಕ ಹಾಕಿ ಹೋಗಲಿ ಎಂಬುದಷ್ಟೇ ನಮ್ಮ ಮಾತು.

ಮೊದಲನೆಯ ಲೆಕ್ಕ ನೀರಿನದು. ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಮಾಸ್ತರಿಕೆ ಬಿಟ್ಟು ಪಟ್ಟಣಕ್ಕೆ ಬಂದಾಗ ಬಾಡಿಗೆಗೆ ಮನೆ ಹುಡುಕಿದೆವು. ಮಧ್ಯಾಹ್ನ ಹೋಗಿ ನೋಡಿದೆವು. ಅಂಗಳದಲ್ಲಿ ನಲ್ಲಿ ಇತ್ತು. ಡಿಪಾಜಿಟ್ ಕೊಟ್ಟು ಸಾಮಾನು ಇಳಿಸಿದೆವು. ನಾಲ್ಕು ದಿನವಾದರೂ ನಲ್ಲಿಯಲ್ಲಿ ಹನಿ ನೀರಿಲ್ಲ. ಐದನೆಯ ದಿನ ರಾತ್ರಿ ಎರಡಕ್ಕೆ ನೀರು ಬಂತು, ನಾವು ಮಲಗಿದ್ದೆವು. ತಿಂಗಳೊಳಗೆ ಮನೆ ಬಿಟ್ಟೆವು. ಮನೆಯ ಮಾಲಕರು ಡಿಪಾಜಿಟ್ ಹಣವನ್ನು ಹಿಂದಿರುಗಿಸಲಿಲ್ಲ. ಕೇಳೋಣವೆಂದರೆ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸಿದ ಮಾಸ್ತರರ ಗತಿ ಇದು! ಆದುದರಿಂದ ಮನೆಯನ್ನು ಮಾಲಕನ ಬಾಯಿಂದ ತಿಳಿಯಬೇಡಿ. ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಬರುತ್ತದೆಂದು ಪಕ್ಕದ ಮನೆಯ ಹೆಂಗಸರನ್ನು ಕೇಳಿರಿ. ಮಳೆಗಾಲದಲ್ಲಿ ಒಮ್ಮೆ ಹೋಗಿ ಗಟಾರವನ್ನು ನೋಡಿರಿ. ಕರಾರು ಬರೆಸಿರಿ, ಕೊಟ್ಟ ಹಣಕ್ಕೆ ಪಾವತಿ ಪಡೆಯಿರಿ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ ನೋಟೀಸು ಕೊಡಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ರಾತ್ರೋರಾತ್ರಿ ಪಾತ್ರೆ ಹೊರಗಿಡುವ ಅಧಿಕಾರ ಯಾವ ಮಾಲಕನಿಗೂ ಇಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಪಟ್ಟಣದಲ್ಲಿ ಜಾತಿ ಕೇಳುವುದಿಲ್ಲವೆಂದು ನಾವು ನಂಬಿ ಹೋಗುತ್ತೇವೆ. ಬಾಡಿಗೆಗೆ ಮನೆ ಕೇಳಿದ ಮೊದಲ ಬಾಗಿಲಲ್ಲೇ "ನಿಮ್ಮದು ಯಾವ ಮಂದಿ?" ಎಂಬ ಪ್ರಶ್ನೆ ಬರುತ್ತದೆ. ನಮ್ಮ ದಲಿತ ಸಂಗಾತಿಗಳಿಗೆ, ಮುಸಲ್ಮಾನ ಸಂಗಾತಿಗಳಿಗೆ ಹತ್ತು ಬಾಗಿಲು ತಿರುಗಿದ ಮೇಲೆ ಒಂದು ಮನೆ ಸಿಗುತ್ತದೆ, ಅದೂ ಹೆಚ್ಚಿನ ಬಾಡಿಗೆಗೆ. ಗೊತ್ತಿದ್ದವರು ಒಬ್ಬರಾದರೂ ಇರುವ ಓಣಿಗೆ ಹೋಗಿರೆಂದು ನಾವು ಹೇಳುವುದು ಇದಕ್ಕಾಗಿಯೇ. ಇದು ಉಪಾಯ ಮಾತ್ರ, ಪರಿಹಾರವಲ್ಲ ಎಂಬುದೂ ನಮಗೆ ಗೊತ್ತಿದೆ.

ಕೆಲಸದ ಲೆಕ್ಕ. ಊರಲ್ಲಿ ಉದ್ಯೋಗ ಖಾತ್ರಿಯ ಕೆಲಸವನ್ನು ಕೇಳಿ ಪಡೆಯಬಹುದು. ಮಹಾನಗರ ಪಾಲಿಕೆಯ ಹದ್ದಿನೊಳಗೆ ಆ ಹಕ್ಕಿಲ್ಲ. ಅಲ್ಲಿ ಬೆಳಗಾದರೆ ಬುತ್ತಿ ಹಿಡಿದು ಚೌಕಿನಲ್ಲಿ ನಿಲ್ಲಬೇಕು. ಗುತ್ತಿಗೆದಾರ ಕರೆದರೆ ಕೂಲಿ, ಕರೆಯದಿದ್ದರೆ ಬುತ್ತಿ ಬಿಚ್ಚಿ ಉಂಡು ಮನೆಗೆ. ಆದರೆ ಪಟ್ಟಣದಲ್ಲೂ ಹಕ್ಕುಗಳಿವೆ. ಕಟ್ಟಡದ ಕೆಲಸ ಮಾಡುವವರು, 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕೈಗಾಡಿಯಲ್ಲಿ ಕಾಯಿಪಲ್ಲೆ ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಪ್ರಮಾಣಪತ್ರ ಪಡೆದವರ ತಕ್ಕಡಿಯನ್ನು ಮನಬಂದಂತೆ ಕಸಿದೊಯ್ಯುವಂತಿಲ್ಲ. ಒಬ್ಬನೇ ಹೋಗಿ ಈ ಕಾಯಿದೆ ಹೇಳಿದರೆ ನಗುತ್ತಾರೆ. ನಲವತ್ತು ಮಂದಿ ಹೋದರೆ ಕುರ್ಚಿ ಕೊಡುತ್ತಾರೆ.

ಮಕ್ಕಳ ವಿಷಯ. ದಾಖಲೆ ತಡವಾಯಿತೆಂದು ಶಾಲೆಯಿಂದ ಉಳಿದುಹೋದ ಮಕ್ಕಳನ್ನು ಬಹಳ ಕಂಡಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ಇಯತ್ತೆಯವರೆಗೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಇನ್ನು ಮಗಳ ಓದಿಗಾಗಿಯೇ ಮನೆ ಎತ್ತುವುದಾದರೆ ಸ್ವಲ್ಪ ನಿಲ್ಲಿರಿ. ಮಹಿಳಾ ವಿಶ್ವವಿದ್ಯಾಲಯವಿರುವುದು ತೊರವಿಯಲ್ಲಿ, ನಿಮ್ಮ ದಾರಿಯಲ್ಲಿಯೇ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಮನೆ ಬದಲಿಸುವುದಕ್ಕಿಂತ ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬರುವಂತೆ ಡಿಪೋದ ಮುಂದೆ ಕೂಡುವುದೇ ಅಗ್ಗ.

ಪಡಿತರ ಚೀಟಿಯ ಅಕ್ಕಿಯನ್ನು ಈಗ ಬೇರೆ ಊರಿನ ಅಂಗಡಿಯಲ್ಲೂ ತರಬಹುದು. ಮತದಾರರ ಯಾದಿಗೆ ನಮೂನೆ 8 ತುಂಬಿ ಹೊಸ ವಿಳಾಸ ಕೊಡಬೇಕು. ಇದನ್ನು ಮರೆಯಬೇಡಿ. ಮತವಿಲ್ಲದ ಓಣಿಗೆ ನೀರಿನ ಟ್ಯಾಂಕರೂ ಬರುವುದಿಲ್ಲ.

ಈಗ ಹೊಲದ ಮಾತು. ಹೋಗುವವರಲ್ಲಿ ಅನೇಕರು ಹೊಲ ಮಾರಿ ಪಟ್ಟಣದ ಅಂಚಿನಲ್ಲಿ ಒಂದು ಪ್ಲಾಟು ಹಿಡಿಯುತ್ತಾರೆ. ಬಿನ್‌ಶೇತ್ಕಿ ಆಗದ ಜಮೀನಿನಲ್ಲಿ ಸುಣ್ಣದ ಗೆರೆ ಎಳೆದು ಮಾರುವವರು ಎಲ್ಲ ರಸ್ತೆಗಳಲ್ಲೂ ಕೂತಿದ್ದಾರೆ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಆದ ಆದೇಶವನ್ನೂ ಬಡಾವಣೆಯ ಮಂಜೂರಾದ ನಕ್ಷೆಯನ್ನೂ ಕೈಯಲ್ಲಿ ಹಿಡಿದು ನೋಡದೆ ಸಂಚಕಾರ ಕೊಡಬೇಡಿ. ಅವಿಲ್ಲದ ಪ್ಲಾಟಿಗೆ ರಸ್ತೆ, ಗಟಾರ, ನಲ್ಲಿ ಕೇಳಲು ಹೋದರೆ ವರ್ಷಗಟ್ಟಲೆ ಅಲೆದಾಟ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಹಿರಿಯರು ಬಿಟ್ಟುಹೋದ ನೆಲ ಮಡ್ಡಿಯಾಗಿತ್ತು. ಈಗ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಈ ಕಡೆ ಹತ್ತಿದೆ. ಎಲ್ಲರ ಹೊಲಕ್ಕೂ ಮುಟ್ಟಿದೆಯೆಂದು ನಾವು ಹೇಳುವುದಿಲ್ಲ. ಆದರೆ ನೆಲದ ಬೆಲೆ ಬದಲಾಗಿದೆ. ದ್ರಾಕ್ಷಿಯ ಚಾಟ್ನಿ ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ; ಆಗ ಆಳು ಸಿಗುವುದಿಲ್ಲವೆಂದು ತೋಟದವರೇ ಪಟ್ಟಣದಿಂದ ಟಂಟಂ ತುಂಬಿಸಿ ಮಂದಿಯನ್ನು ತರುತ್ತಾರೆ. ಬರದ ವರ್ಷ ಹೊಲ ಮಾರಿ ಹೋದವರ ಮಕ್ಕಳು ಆ ಟಂಟಂನಲ್ಲಿ ಕೂತು, ಅಜ್ಜನ ಹೊಲದ ಬದುವಿನ ಬಳಿಯೇ ಇಳಿದುದನ್ನು ನಾವು ಕಂಡಿದ್ದೇವೆ. ಹೊಲವನ್ನು ಪಾಲಿಗೆ ಹಾಕಿರಿ, ಲಾವಣಿಗೆ ಕೊಡಿರಿ, ಬೀಳು ಬಿಟ್ಟರೂ ಚಿಂತೆಯಿಲ್ಲ. ಮೂರು ವರ್ಷ ಪಟ್ಟಣದಲ್ಲಿ ಕಾಲೂರುವವರೆಗೆ ಮಾರಬೇಡಿ. ಉತಾರದಲ್ಲಿ ಹೆಸರು ಸರಿಯಿದೆಯೋ ನೋಡಿಕೊಳ್ಳಿರಿ, ಹೆಂಡತಿಯ ಹೆಸರು ಇದ್ದರೆ ಇನ್ನೂ ಒಳ್ಳೆಯದು.

ಹೆಂಗಸರ ಮಾತು ಬಂದುದರಿಂದ ಹೇಳುತ್ತೇವೆ. ಬಬಲೇಶ್ವರದಲ್ಲಿ ಇದೇ ವಿಷಯ ಮಾತಾಡಿ ಕುಳಿತಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು, "ಮಾಸ್ತರ, ಎಲ್ಲಾ ಹೇಳಿದ್ರಿ. ಎಮ್ಮಿ ಎಲ್ಲಿ ಕಟ್ಟೂದು ಹೇಳಲಿಲ್ಲಲ್ರಿ?" ಎಂದು ಕೇಳಿದರು. ಸಭೆಯಲ್ಲಿ ಗಂಡಸರು ನಕ್ಕರು. ನಾವು ನಗಲಿಲ್ಲ. ಮನೆಯಲ್ಲಿ ಆ ಅವ್ವನ ಕೈಯಲ್ಲಿ ಓಡಾಡುವ ಹಣವೆಂದರೆ ಆ ಎಮ್ಮೆಯ ಹಾಲಿನ ಹಣ. ಪಟ್ಟಣದ ಒಂದು ಖೋಲಿಯಲ್ಲಿ ಎಮ್ಮೆಗೆ ಜಾಗವಿಲ್ಲ. ಹೋದ ಮರುದಿನದಿಂದ ಎಲೆ ಅಡಿಕೆಗೂ ಅವರು ಮಗನ ಮುಂದೆ ಕೈಚಾಚಬೇಕು. ಮಗನ ಲೆಕ್ಕದಲ್ಲಿ ಬಾಡಿಗೆ, ಕೂಲಿ, ಬಸ್ಸು ಎಲ್ಲ ಇತ್ತು, ಇದು ಇರಲಿಲ್ಲ. ಆ ಮನೆಯವರು ಆ ವರ್ಷ ಹೋಗಲಿಲ್ಲ. ಹಿರಿಯ ಮಗ ಒಬ್ಬನೇ ಹೋದ, ಎಂಟು ದಿನಕ್ಕೊಮ್ಮೆ ಬರುತ್ತಾನೆ.

ಯಾರ ಮನೆಯಲ್ಲಿ ಹೋಗುವ ಮಾತು ನಡೆದಿದೆಯೋ ಅವರು ಸಭೆ ಮುಗಿದ ಮೇಲೆ ನಿಲ್ಲಿರಿ. ಉತಾರ, ಪಡಿತರ ಚೀಟಿ ತಂದವರದನ್ನು ಈಗಲೇ ನೋಡೋಣ. ತರದವರು ನಾಳೆ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಬರಲಿ, ನಾವು ಒಂಬತ್ತರವರೆಗೆ ಅಲ್ಲಿರುತ್ತೇವೆ.